ಪಿಂಚಣಿ ಇಲ್ಲದ ಮಾಜಿ ಸೈನಿಕರು ಬಾಡಿಗೆ ಕಟ್ಟಲಾಗದೆ ಬೀದಿಗೆ ಬೀಳದಂತೆ ಸರ್ಕಾರದ ನೆರವು ಏನಿದೆ? (ಚಿತ್ರದುರ್ಗ ಜಿಲ್ಲೆ)

ಮೊದಲು ತಿಂಗಳು ತಿಂಗಳು ದುಡ್ಡು ಬರುವ ದಾರಿ ಹಿಡಿಯಿರಿ, ಸ್ವಂತ ಮನೆ ಆಮೇಲೆ. ಹವಾಲ್ದಾರ್ ಅಥವಾ ಅದಕ್ಕಿಂತ ಕೆಳಗಿನ ಹುದ್ದೆಯಲ್ಲಿದ್ದು, 65 ವರ್ಷ ತುಂಬಿ, ಪಿಂಚಣಿಯೂ ಇಲ್ಲದೆ ಬೇರೆ ಆದಾಯವೂ ಇಲ್ಲದವರಿಗೆ ಕೇಂದ್ರೀಯ ಸೈನಿಕ ಮಂಡಳಿಯ ‘ಪೆನುರಿ ಗ್ರಾಂಟ್’ (ಕಡುಬಡತನದಲ್ಲಿರುವವರಿಗೆ ಕೊಡುವ ನೆರವು) ಇದೆ. 4,000 ಇದ್ದದ್ದು 2025ರ ನವೆಂಬರ್‌ನಿಂದ ತಿಂಗಳಿಗೆ 8,000 ರೂಪಾಯಿ. ಇಂಥ ಮಾಜಿ ಸೈನಿಕರು ತೀರಿಕೊಂಡಿದ್ದರೆ, ಇದೇ ಷರತ್ತುಗಳ ಮೇಲೆ ಅವರ ಪತ್ನಿಯರಿಗೂ ಸಿಗುತ್ತದೆ. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ.

ಅರ್ಜಿ ಮಂಡಳಿಯ ಜಾಲತಾಣದಲ್ಲಿ, ಪರಿಶೀಲನೆ ನಿಮ್ಮ ಜಿಲ್ಲೆಗೆ ಸೇರಿದ ಸೈನಿಕ ಕಲ್ಯಾಣ ಕಚೇರಿಯಲ್ಲಿ. ತೊಡಕಾಗುವುದು ಡಿಸ್ಚಾರ್ಜ್ ಬುಕ್ಕಿನ (ಸೇನೆಯಿಂದ ಬಿಡುಗಡೆಯಾದಾಗ ಕೊಡುವ ದಾಖಲೆ ಪುಸ್ತಕ) ಹೆಸರು, ಹುಟ್ಟಿದ ದಿನಾಂಕ ಆಧಾರ್‌ಗೆ ತಾಳೆಯಾಗದಿದ್ದಾಗ. ಆಧಾರನ್ನು ಬುಕ್ಕಿಗೆ ತಕ್ಕಂತೆ ತಿದ್ದಿಸಿಯೇ ಅರ್ಜಿ ಹಾಕಿ. ಬುಕ್ ಕಳೆದಿದ್ದರೆ ಪೊಲೀಸ್ ದೂರಿನ ಪ್ರತಿಯೊಂದಿಗೆ ನಿಮ್ಮ ರೆಜಿಮೆಂಟಿನ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಬರೆಯಿರಿ.

ಹಳ್ಳಿಯಲ್ಲಿದ್ದರೆ ಸ್ವಂತ ಮನೆಗೆ ರಾಜ್ಯ ಸರ್ಕಾರದ ಬಸವ ವಸತಿ ಯೋಜನೆ ಇದೆ, ಆಯ್ಕೆ ಗ್ರಾಮಸಭೆಯಲ್ಲಿ. ಆ ದಿನ ತಪ್ಪದೆ ಹಾಜರಿರಿ.