ಮೆಲೀ ಗೇಮಿನ ಐಎಸ್ಒ (ಡಿಸ್ಕಿನ ಪೂರ್ತಿ ಕಾಪಿ ಇರೋ ಫೈಲ್) 1.46 ಜಿಬಿ ಇರಬೇಕಂತೆ, ನನ್ನದು ತುಂಬಾ ಕಡಿಮೆ ಇದೆ. ಕ್ಯಾರೆಕ್ಟರ್ ಮಾಡ್ (ಗೇಮಿಗೆ ಬೇರೆಯವರು ಮಾಡಿದ ಬದಲಾವಣೆ) ಹಾಕೋಕೆ ಸೈಜ್ ಸರಿ ಮಾಡೋದು ಹೇಗೆ?

ಸೈಜ್ ಸರಿ ಮಾಡೋಕೆ ಹೋಗಲೇಬೇಡಿ. ನಾನು ಮಾಡಿದ್ದೆ. ಒಂದು ಬೈಟೂ ಆಚೀಚೆ ಆಗದ ಹಾಗೆ ಮಾಡಿದ್ದೆ. ಗೇಮ್ ಮಾತ್ರ ಓಡಲಿಲ್ಲ.

ನಿಂಟೆಂಡೊದ ಗೇಮ್‌ಕ್ಯೂಬ್ ಕನ್ಸೋಲ್‌ಗೆ ಬಂದ ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀಯ ಡಿಸ್ಕ್ ನನ್ನ ಹತ್ತಿರ ಇತ್ತು. ವೀ ಕನ್ಸೋಲ್‌ನಲ್ಲಿ ಕ್ಲೀನ್‌ರಿಪ್ ಅನ್ನೋ ಪ್ರೋಗ್ರಾಮ್ ಹಾಕಿ ಅದನ್ನು ಡಂಪ್ ಮಾಡಿಕೊಂಡೆ, ಅಂದರೆ ಫೈಲಾಗಿ ಕಾಪಿ ಮಾಡಿಕೊಂಡೆ. ಆಮೇಲೆ ಜಾಗ ಸಾಲದೆ ಎಲ್ಲ ಗೇಮ್‌ಗಳನ್ನೂ ಎನ್‌ಕಿಟ್ ಟೂಲ್‌ನಲ್ಲಿ ಚಿಕ್ಕದು ಮಾಡಿಟ್ಟೆ. ಹೆಸರಿನ ಕೊನೆಗೆ ‘ಡಾಟ್ ಎನ್‌ಕಿಟ್ ಡಾಟ್ ಐಎಸ್ಒ’ ಅಂತ ಸೇರಿಕೊಂಡಿತ್ತು. ನೋಡೋಕೆ ಚೆನ್ನಾಗಿಲ್ಲ ಅಂತ ನಡುವಿನ ‘ಎನ್‌ಕಿಟ್’ ಅಳಿಸಿದೆ. ಕಂಪ್ಯೂಟರ್‌ನಲ್ಲೇ ಈ ಗೇಮ್ ಆಡಿಸೋ ಡಾಲ್ಫಿನ್ ಎಮ್ಯುಲೇಟರ್ ಇಂಥ ಫೈಲ್ ತೆರೆದಾಗ ಎಚ್ಚರಿಸುತ್ತದೆ: ಇದು ಎನ್‌ಕಿಟ್ ಇಮೇಜ್, ತೊಂದರೆ ಆಗಬಹುದು ಅಂತ. ಮತ್ತೆ ತೋರಿಸಬೇಡ ಅನ್ನೋ ಬಾಕ್ಸೂ ಅಲ್ಲೇ ಇರುತ್ತದೆ. ಟಿಕ್ ಹಾಕಿಬಿಟ್ಟೆ. ಅಲ್ಲಿಗೆ ಅದು ಎನ್‌ಕಿಟ್ ಫೈಲ್ ಅನ್ನೋದಕ್ಕೆ ಇದ್ದ ಗುರುತು ಎರಡೂ ಹೋದವು. ನನಗೂ ಮರೆತುಹೋಯಿತು.

ನಾನು ಹಾಕಬೇಕು ಅಂದುಕೊಂಡ ಕ್ಯಾರೆಕ್ಟರ್ ಎಕ್ಸ್‌ಡೆಲ್ಟಾ ಪ್ಯಾಚ್ ಆಗಿ, ಅಂದರೆ ಮೂಲ ಐಎಸ್ಒದಲ್ಲಿ ಏನೇನು ಬದಲಾಗಬೇಕು ಅನ್ನೋದಷ್ಟೇ ಇರೋ ಫೈಲ್ ಆಗಿ ಬಂದಿತ್ತು. ಪ್ಯಾಚ್ ಹಾಕಿದರೆ ಚೆಕ್‌ಸಮ್ (ಫೈಲಿನ ಡೇಟಾದಿಂದ ಲೆಕ್ಕ ಹಾಕಿ ತೆಗೆಯೋ ಗುರುತಿನ ಸಂಖ್ಯೆ) ಹೊಂದುತ್ತಿಲ್ಲ ಅಂತ ನಿಂತಿತು. ಜೊತೆಗಿದ್ದ ರೀಡ್‌ಮಿ ತೆಗೆದು ನೋಡಿದರೆ ಐಎಸ್ಒ 1,45,99,78,240 ಬೈಟ್ ಇರಬೇಕು ಅಂತ ಬರೆದಿತ್ತು. ನನ್ನದು ಅದಕ್ಕಿಂತ ಎಷ್ಟೋ ಕಡಿಮೆ. ಓ, ಇಷ್ಟೇ ತಾನೇ ಅಂದುಕೊಂಡು ಒಂದು ಕಮಾಂಡ್ ಕೊಟ್ಟೆ. ಫೈಲಿನ ಕೊನೆಗೆ ಬರೀ ಸೊನ್ನೆ ತುಂಬಿಕೊಂಡು ಸೈಜ್ ಕರೆಕ್ಟಾಗಿ ಅಷ್ಟಕ್ಕೇ ಬಂತು. ಪ್ಯಾಚ್ ಆಗಲೂ ಒಪ್ಪಲಿಲ್ಲ. ಚೆಕ್‌ಸಮ್ ನೋಡೋದನ್ನೇ ಆಫ್ ಮಾಡಿದೆ. ಈಗ ಒಪ್ಪಿಕೊಂಡಿತು!

ಗೇಮ್ ಶುರುವಾಯಿತು. ಮೆನು ಬಂತು. ಕ್ಯಾರೆಕ್ಟರ್ ಆರಿಸಿ ಸ್ಟಾರ್ಟ್ ಒತ್ತಿದರೆ ಪರದೆ ಕಪ್ಪಾಗಿ ಅಲ್ಲೇ ನಿಂತಿತು. ಡಾಲ್ಫಿನ್‌ನ ಗ್ರಾಫಿಕ್ಸ್ ಸೆಟ್ಟಿಂಗ್ ಎಲ್ಲ ತಿರುವಿ ಹಾಕಿದೆ, ಡಾಲ್ಫಿನ್ನನ್ನೇ ತೆಗೆದು ಮತ್ತೆ ಹಾಕಿದೆ. ಕೊನೆಗೆ ಮಾಡ್ ಮಾಡಿದವರಿಗೇ ಮೆಸೇಜ್ ಹಾಕಿ, ನಿಮ್ಮ ಪ್ಯಾಚ್ ಕೆಟ್ಟಿದೆ ಅಂತ ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: ‘ನಿಮ್ಮ ಐಎಸ್ಒದ ಎಂಡಿ5 ಏನು ಬರುತ್ತೆ?’ ಎಂಡಿ5 ಅಂದರೆ ಅದೂ ಒಂದು ಬಗೆಯ ಚೆಕ್‌ಸಮ್. ನಾನು ‘ಸೈಜ್ ಸರಿಯಾಗಿಯೇ ಇದೆ’ ಅಂತ ಉತ್ತರ ಕೊಟ್ಟೆ. ಆಮೇಲೆ ಅವರು ನನ್ನ ಜೊತೆ ಮಾತಾಡಲಿಲ್ಲ. ನ್ಯಾಯವೇ ಬಿಡಿ.

ನಡೆದಿದ್ದು ಏನು ಅಂತ ಬಿಡಿಸಿ ಹೇಳುತ್ತೇನೆ. ಗೇಮ್ ಚಿಕ್ಕದಿರಲಿ ದೊಡ್ಡದಿರಲಿ, ಗೇಮ್‌ಕ್ಯೂಬ್ ಡಿಸ್ಕಿನ ಪೂರ್ತಿ ಇಮೇಜ್ ಯಾವಾಗಲೂ ಆ ರೀಡ್‌ಮಿಯಲ್ಲಿ ಬರೆದಿದ್ದಷ್ಟೇ ಬೈಟ್. ಗೇಮಿನ ಫೈಲ್‌ಗಳು ಬಿಟ್ಟ ಜಾಗದಲ್ಲಿ ಅರ್ಥವಿಲ್ಲದ ಕಸದ ಡೇಟಾ ಇರುತ್ತದೆ. ಎನ್‌ಕಿಟ್ ಆ ಕಸ ತೆಗೆದು ಫೈಲ್‌ಗಳನ್ನು ಒತ್ತೊತ್ತಾಗಿ ಜೋಡಿಸುತ್ತದೆ. ಯಾವ ಫೈಲ್ ಎಲ್ಲಿದೆ, ಎಷ್ಟು ಉದ್ದ ಅಂತ ಹೇಳೋ ಪಟ್ಟಿ ಡಿಸ್ಕಿನಲ್ಲಿದೆ. ಅದಕ್ಕೆ ಎಫ್‌ಎಸ್‌ಟಿ ಅಂತಾರೆ, ಪುಸ್ತಕದ ಪರಿವಿಡಿ ಇದ್ದ ಹಾಗೆ. ಎನ್‌ಕಿಟ್ ಅದನ್ನೂ ತಿದ್ದುತ್ತದೆ, ಹಾಗಾಗಿ ಗೇಮ್ ಓಡುತ್ತದೆ. ಆದರೆ ಪ್ಯಾಚ್ ಈ ಪಟ್ಟಿ ನೋಡೋದೇ ಇಲ್ಲ. ಇಂತಿಷ್ಟನೇ ಬೈಟ್‌ನಿಂದ ಇಂಥದ್ದು ಬರೆ ಅಂತ ಲೆಕ್ಕ ಹಾಕಿಕೊಂಡು ಹೋಗುತ್ತದೆ. ನನ್ನ ಫೈಲಿನಲ್ಲಿ ಕಮ್ಮಿಯಾಗಿದ್ದು ನಡುವೆ, ನಾನು ತುಂಬಿಸಿದ್ದು ಕೊನೆಗೆ. ಹೊಸ ಕ್ಯಾರೆಕ್ಟರ್ ಹೋಗಿ ಇನ್ಯಾವುದೋ ಫೈಲಿನ ಮೇಲೆ ಕೂತಿತು.

ಈಗ ನಿಮ್ಮ ವಿಷಯ. ಮೊದಲು ಫೈಲಿನ ಪ್ರಾಪರ್ಟೀಸ್ ತೆಗೆದು ಬೈಟ್ ಲೆಕ್ಕ ನೋಡಿ, ಜಿಬಿ ನೋಡಬೇಡಿ. ವಿಂಡೋಸ್ ಪೂರ್ತಿ ಇಮೇಜನ್ನೇ 1.35 ಜಿಬಿ ಅಂತ ತೋರಿಸುತ್ತದೆ. ಅದು 1024ರ ಲೆಕ್ಕ, 1.46 ಅನ್ನೋದು 1000ದ ಲೆಕ್ಕ. ನಿಮ್ಮದು ಇಷ್ಟೇ ವ್ಯತ್ಯಾಸ ಆಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಬೈಟೂ ಕಮ್ಮಿ ಇದ್ದರೆ ಅದು ಎನ್‌ಕಿಟ್ ಇರಬಹುದು, ಆರ್‌ವಿಝಡ್ (ಡಾಲ್ಫಿನ್ ಒತ್ತಿ ಚಿಕ್ಕದು ಮಾಡಿದ ಫೈಲ್) ಇರಬಹುದು, ಅರ್ಧಕ್ಕೇ ನಿಂತ ಕಾಪಿಯೂ ಇರಬಹುದು. ಆರ್‌ವಿಝಡ್ ಆದರೆ ಡಾಲ್ಫಿನ್‌ನಲ್ಲೇ ಐಎಸ್ಒಗೆ ಕನ್ವರ್ಟ್ ಮಾಡಿ. ಎನ್‌ಕಿಟ್ ಆದರೆ ಎನ್‌ಕಿಟ್ ಟೂಲ್‌ನಿಂದಲೇ ವಾಪಸ್ ತನ್ನಿ, ಕಸದ ಡೇಟಾವನ್ನು ಮೊದಲಿದ್ದ ಹಾಗೆ ತುಂಬೋದು ಅದಕ್ಕೆ ಗೊತ್ತು. ಎರಡೂ ಅಲ್ಲ ಅಂದರೆ ಡಿಸ್ಕಿನಿಂದ ಹೊಸದಾಗಿ ಡಂಪ್ ಮಾಡೋದೇ ವಾಸಿ.

ಆಮೇಲೆ ಡಾಲ್ಫಿನ್‌ನಲ್ಲಿ ಗೇಮಿನ ಪ್ರಾಪರ್ಟೀಸ್‌ಗೆ ಹೋಗಿ ವೆರಿಫೈ ಒತ್ತಿ. ಅಲ್ಲಿ ಬರೋ ಎಂಡಿ5 ನಿಮ್ಮ ಮಾಡ್‌ನವರು ಕೊಟ್ಟಿದ್ದಕ್ಕೆ ಹೊಂದಬೇಕು. ಮೆಲೀಯ ಅಮೆರಿಕದ ಡಿಸ್ಕಿನಲ್ಲೇ 1.00, 1.01, 1.02 ಅಂತ ಮೂರು ವರ್ಶನ್ ಇವೆ. ಮೂರರ ಸೈಜೂ ಒಂದೇ! ಜಾಸ್ತಿ ಮಾಡ್‌ಗಳು ಕೇಳೋದು 1.02. ಬರೀ ಸೈಜ್ ನೋಡಿದರೆ ಇದೆಲ್ಲ ಗೊತ್ತಾಗೋದು ಹೇಗೆ, ಅಲ್ವಾ?

ನಿಮ್ಮ ಮಾಡ್ ಪ್ಯಾಚ್ ಅಲ್ಲ, ಬಿಡಿ ಕಾಸ್ಟ್ಯೂಮ್ ಫೈಲ್ ಆಗಿದ್ದರೆ ನನ್ನ ಕೇಳಿದರೆ ಐಎಸ್ಒ ಮುಟ್ಟೋದೇ ಬೇಡ. ಡಾಲ್ಫಿನ್‌ನಲ್ಲಿ ಪ್ರಾಪರ್ಟೀಸ್, ಫೈಲ್‌ಸಿಸ್ಟಮ್, ಪೂರ್ತಿ ಡಿಸ್ಕ್ ಎಕ್ಸ್‌ಟ್ರ್ಯಾಕ್ಟ್. ಬಂದ ಫೋಲ್ಡರ್‌ನಲ್ಲಿ ‘ಫೈಲ್ಸ್’ ಒಳಗೆ ಕಾಸ್ಟ್ಯೂಮ್ ಫೈಲ್‌ಗಳಿರುತ್ತವೆ. ಅದೇ ಹೆಸರಿನಲ್ಲಿ ಹೊಸದನ್ನು ಹಾಕಿ. ನಂತರ ‘ಸಿಸ್’ ಫೋಲ್ಡರ್‌ನ ಮೇನ್ ಡಾಟ್ ಡಿಒಎಲ್ ತೆರೆದರೆ ಗೇಮ್ ಸೀದಾ ಓಡುತ್ತದೆ. ಎಫ್‌ಎಸ್‌ಟಿ ಪಟ್ಟಿಯನ್ನು ಡಾಲ್ಫಿನ್ನೇ ಕಟ್ಟಿಕೊಳ್ಳುತ್ತದೆ. ಬರೀ ಬಣ್ಣ ಬದಲಾಯಿಸೋ ಟೆಕ್ಸ್ಚರ್ ಆದರೆ ಇಷ್ಟೂ ಬೇಡ, ಡಾಲ್ಫಿನ್‌ನ ಲೋಡ್ ಟೆಕ್ಸ್ಚರ್ಸ್ ಫೋಲ್ಡರ್ ಸಾಕು. ನಿಜವಾದ ಕನ್ಸೋಲ್‌ನಲ್ಲೇ ಆಡಬೇಕು ಅಂದರೆ ಮಾತ್ರ ಐಎಸ್ಒ ಮತ್ತೆ ಕಟ್ಟೋ ಕಷ್ಟ ಇದೆ. ಅಲ್ಲಿ ಜಾಗ ಸಾಲದೆ ಹೋದರೆ ಮಾಡ್ ಮಾಡೋರು ಸಾಮಾನ್ಯವಾಗಿ ಆಟ ಕಲಿಸೋ ವಿಡಿಯೊ ಫೈಲ್ ತೆಗೆದುಹಾಕುತ್ತಾರೆ. ಅದನ್ನು ಯಾರೂ ನೋಡಲ್ಲ.

ಎಂಡಿ5 ಹೊಂದಿದ ಮೇಲೂ ಅದೇ ಕ್ಯಾರೆಕ್ಟರ್ ಹತ್ತಿರ ಗೇಮ್ ನಿಂತರೆ, ಆಗ ಆ ಕ್ಯಾರೆಕ್ಟರ್ ಫೈಲಿನ ಸೈಜ್ ನೋಡಿ. ಗೇಮ್‌ಕ್ಯೂಬ್‌ನ ಮುಖ್ಯ ಮೆಮೊರಿ ಇರೋದೇ 24 ಎಂಬಿ. ಹಳೇ ಫೈಲಿಗಿಂತ ತುಂಬಾ ದೊಡ್ಡ ಮಾಡೆಲ್ ಆದರೆ ಡಿಸ್ಕಿನಲ್ಲಿ ಜಾಗ ಇದ್ದರೂ ಮೆಮೊರಿಯಲ್ಲಿ ಹಿಡಿಸಲ್ಲ.