ಪಂಜಾಬ್ ಬೇಡ ಅಂದಿತು, ಶೇತ್ಕರಿ ಸಂಘಟನೆ ಬೇಕು ಅಂದಿತು, ಯಾಕೆ?

2020ರ ಕೃಷಿ ಕಾಯ್ದೆಗಳನ್ನು ಪಂಜಾಬಿನ ರೈತರು ವಿರೋಧಿಸುವಾಗ ಮಹಾರಾಷ್ಟ್ರದ ರೈತ ಸಂಘವಾದ ಶೇತ್ಕರಿ ಸಂಘಟನೆ ಯಾಕೆ ಬೆಂಬಲಿಸಿತು ಅಂತ ಕೇಳಿದ್ದೀರಿ. ಮಂಡಿ, ಅಂದರೆ ಸರ್ಕಾರಿ ನಿಯಂತ್ರಣದ ಕೃಷಿ ಮಾರುಕಟ್ಟೆಯ ಹೊರಗೂ ಬೆಳೆ ಮಾರಲು ಆ ಕಾಯ್ದೆಗಳು ಅವಕಾಶ ಕೊಟ್ಟಿದ್ದವು. ಯಾರು ಏನು ಬೆಳೆಯುತ್ತಾರೆ ನೋಡಿ, ಅರ್ಧ ಉತ್ತರ ಅಲ್ಲೇ ಇದೆ. ಪಂಜಾಬಿನ ಗೋಧಿ, ಭತ್ತದ ಬಹುಪಾಲನ್ನು ಸರ್ಕಾರವೇ ಬೆಂಬಲ ಬೆಲೆಗೆ ಕೊಳ್ಳುತ್ತದೆ. ವ್ಯಾಪಾರ ಹೊರಗೆ ಹೋಗಿ ಮಂಡಿ ಸೊರಗಿದರೆ ಆ ಖರೀದಿಯೂ ನಿಲ್ಲಬಹುದು ಅನ್ನೋ ಭಯ ಅವರದಾಗಿತ್ತು. ಆದರೆ ಮಹಾರಾಷ್ಟ್ರದಲ್ಲಿ ಹೆಚ್ಚು ಬೆಳೆಯುವ ಈರುಳ್ಳಿಗೆ ಬೆಂಬಲ ಬೆಲೆಯೇ ಇಲ್ಲ. ದರ ಏರಿದರೆ ಸರ್ಕಾರ ರಫ್ತು ನಿಲ್ಲಿಸುತ್ತದೆ, 2020ರ ಸೆಪ್ಟೆಂಬರ್‌ನಲ್ಲೂ ಹಾಗೇ ಆಯ್ತು. ಅದನ್ನು ಬೆಳೆಯುವವರಿಗೆ ಬೇಕಿದ್ದದ್ದು ಬೇಕಾದ ಕಡೆ ಮಾರುವ ಸ್ವಾತಂತ್ರ್ಯ.

ಬೆಂಬಲಿಸಿದವರು ರೈತದ್ರೋಹಿಗಳಲ್ಲ. ದಿಲ್ಲಿ ಗಡಿಯಲ್ಲಿ ಚಳಿಯಲ್ಲಿ ಕೂತವರು ದಲ್ಲಾಳಿಗಳ ಕಡೆಯವರೂ ಅಲ್ಲ. ಇಬ್ಬರನ್ನೂ ಕೂರಿಸಿಕೊಂಡು ಮಾತಾಡದೆ ಜೂನ್‌ನಲ್ಲೇ ಸುಗ್ರೀವಾಜ್ಞೆ ತಂದರಲ್ಲ, ನನಗೆ ಇವತ್ತಿಗೂ ಬೇಸರ ಇರೋದು ಅದಕ್ಕೆ.