ನಾಲ್ಕು ದಿನದ ಊರು

ಡೊಂಬಿವಲಿಯ ಓದುಗರೊಬ್ಬರು ಬರೆಯುತ್ತಾರೆ: ‘ಚಿಕ್ಕಂದಿನಲ್ಲಿ ಪ್ರತಿ ಬೇಸಿಗೆಗೂ ಉಡುಪಿ ಬಳಿಯ ಕಾಪುವಿನ ಅಜ್ಜಿಮನೆಗೆ ಹೋಗುತ್ತಿದ್ದೆವು. ಬಸ್ಸಿನಲ್ಲಿ ಹೈರಾಣಾದರೂ ಸಡಗರಕ್ಕೆ ಕೊರತೆಯಿರಲಿಲ್ಲ. ಈಗ ರೈಲು ಹತ್ತಿದರೆ ಮರುದಿನ ಬೆಳಗಾಗುವಷ್ಟರಲ್ಲಿ ಊರು. ಆದರೆ ನನ್ನ ಮಕ್ಕಳು ಎರಡನೆಯ ದಿನವೇ ‘ಮನೆಗೆ ಯಾವಾಗ?’ ಎನ್ನುತ್ತಾರೆ. ಮೊಬೈಲ್ ಅವರನ್ನು ಕೆಡಿಸಿತೇ? ಈ ಸಲವಂತೂ ಒಂದು ಮದುವೆ, ಒಂದು ನಾಗತಂಬಿಲದ ಪೂಜೆ ಮುಗಿಸಿ ನಾಲ್ಕೇ ದಿನಕ್ಕೆ ಮರಳಿದೆವು.’

ಸಂಪಾದಕರ ಉತ್ತರ:

ಸಹೋದರಿ, ಮೊಬೈಲಿನ ಮೇಲೆ ಗೂಬೆ ಕೂರಿಸುವುದು ಸುಲಭ. ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಇದೆ. ನಾಲ್ಕು ದಿನದಲ್ಲಿ ಮಕ್ಕಳಿಗೆ ನೆಂಟರು ಸಿಗುತ್ತಾರೆ, ಊರು ಸಿಗುವುದಿಲ್ಲ. ಕಾಪುವಿನ ದೀಪಸ್ತಂಭ 1901ರಿಂದ ಅಲ್ಲೇ ನಿಂತಿದೆ, ಅದನ್ನು ನೋಡಲು ಒಂದು ಸಂಜೆ ಸಾಕು. ಚಿಕ್ಕಮ್ಮನ ಮಗನೊಂದಿಗೆ ಜಗಳವಾಡಿ, ಮಾತು ಬಿಟ್ಟು, ಮತ್ತೆ ರಾಜಿಯಾಗಲು ಸಾಲದು.

ಹಳೆಯ ಪ್ರಯಾಣವನ್ನು ಕೊಂಡಾಡುವವರ ಸಾಲಿನಲ್ಲಿ ನಾನಿಲ್ಲ. ಘಾಟಿಯ ತಿರುವುಗಳಲ್ಲಿ ವಾಂತಿ ಮಾಡುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ತಾಯಂದಿರೂ ಕೊಂಡಾಡಲಾರರು. ಆದರೆ ಅಷ್ಟು ಕಷ್ಟಪಟ್ಟು ಹೋದವರು ನಾಲ್ಕು ದಿನಕ್ಕೆ ಮರಳುತ್ತಿರಲಿಲ್ಲ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿ ತೆರೆದು ಮತ್ಸ್ಯಗಂಧಾ ರೈಲು ಓಡತೊಡಗಿದ ಮೇಲೆ, ಬೇಕೆಂದಾಗ ಹೋಗಬಹುದಲ್ಲ ಎಂಬ ಧೈರ್ಯ ಬಂತು. ಆ ಧೈರ್ಯವೇ ನಮ್ಮ ರಜೆಯನ್ನು ತುಂಡರಿಸಿತು.

ಮುಂಬಯಿ ಮಕ್ಕಳಿಗೆ ಇನ್ನೊಂದು ಲಾಭವಿತ್ತು. ಕರ್ನಾಟಕದ ಶಾಲೆಗಳು ಜೂನ್ ಹುಟ್ಟುವ ಹೊತ್ತಿಗೆ ತೆರೆದರೆ, ಇಲ್ಲಿಯ ರಜೆ ಜೂನ್ ನಡುವಿನವರೆಗೆ ಇರುತ್ತಿತ್ತು. ಮೇ 24ರ ಸುಮಾರಿಗೆ ತುಳುನಾಡಿನ ಉತ್ಸವಗಳಿಗೆ ತೆರೆ ಎಳೆಯುವ ಪತ್ತನಾಜೆಯ ದಿನ ಬಂತೆಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ. ನೋಡುವಂಥದ್ದೆಲ್ಲ ಮುಗಿದ ಆ ದಿನಗಳಲ್ಲೇ ಊರು ಮಕ್ಕಳ ಕೈಗೆ ಬರುತ್ತಿದ್ದದ್ದು. ಕಟ್ಟಿಗೆ ಒಳಗೆ ಸಾಗಿಸಬೇಕು, ಹಲಸಿನ ಹಪ್ಪಳಕ್ಕೆ ಕಾವಲು ಕೂರಬೇಕು. ಬೇಯಿಸಿ ಕುಟ್ಟಿದ ತೊಳೆಯ ಉಂಡೆಯನ್ನು ಎಣ್ಣೆ ಸವರಿದ ಎಲೆಯ ಮೇಲಿಟ್ಟು ಎರಡು ಮಣೆಗಳ ನಡುವೆ ಒತ್ತುವುದು ದೊಡ್ಡವರ ಕೆಲಸ, ಚಾಪೆಯ ಬಳಿ ಕೋಲು ಹಿಡಿದು ಕಾಗೆ ಓಡಿಸುವುದು ಮಕ್ಕಳದ್ದು. ಹಸಿ ಹಿಟ್ಟಿನ ಕಳ್ಳತನದಲ್ಲಿ ಕಾಗೆಗಿಂತ ಕಾವಲುಗಾರರೇ ಮುಂದು! ಮೋಡ ಕವಿದರೆ ಚಾಪೆಸಮೇತ ಒಳಗೆ ಓಟ. ಇಂಥದ್ದನ್ನು ಮಕ್ಕಳಿಗೆ ಕಥೆಯಾಗಿ ಹೇಳಿದರೆ ಆಕಳಿಸುತ್ತಾರೆ, ಕೋಲು ಕೈಗೆ ಕೊಟ್ಟರೆ ಆಕಳಿಸಲು ಬಿಡುವಿರುವುದಿಲ್ಲ.

ಹಾಗಾಗಿ ಮುಂದಿನ ಬೇಸಿಗೆಗೆ ಮಕ್ಕಳನ್ನು ನಿಮ್ಮ ಅಣ್ಣನ ಮನೆಯಲ್ಲಿ ಮೂರು ವಾರ ಬಿಟ್ಟುಬನ್ನಿ. ಮೊದಲ ವಾರ ಅಳುತ್ತಾರೆ, ಅಳಲಿ. ಆದರೆ ಕೇಳಬೇಕಾದದ್ದು ಅಣ್ಣನನ್ನಲ್ಲ, ಅತ್ತಿಗೆಯನ್ನು. ನಮ್ಮ ಪತ್ರಿಕೆಗೆ ಬರುವ ಬೇಸಿಗೆಯ ನೆನಪುಗಳಲ್ಲಿ ಕಡಲು, ಮಾವು, ಗೇರುಹಣ್ಣು ಧಾರಾಳವಾಗಿರುತ್ತವೆ. ಮನೆತುಂಬ ಬಂದ ‘ಬೊಂಬಾಯಿಯವರಿಗೆ’ ದಿನಕ್ಕೆ ಮೂರು ಹೊತ್ತು ಕಡುಬು, ಗಂಜಿ, ಬಂಗುಡೆ ಸಾರು ಮಾಡಿ ಬಡಿಸಿದವರು ಇರುವುದೇ ಇಲ್ಲ. ಎಷ್ಟೋ ಅತ್ತಿಗೆಯರು ಮೇ ತಿಂಗಳಿಡೀ ಅರ್ಧ ಮೈಲಿ ದೂರದ ಕಡಲನ್ನು ಕಂಡವರಲ್ಲ. ಅವರು ಆಗದು ಎಂದರೆ ಮುನಿಸಿಕೊಳ್ಳಬೇಡಿ. ಅಡುಗೆಗೆ ಒಬ್ಬರನ್ನು ಗೊತ್ತುಮಾಡಿ, ಖರ್ಚು ನೀವು ವಹಿಸಿಕೊಳ್ಳಿ.

ಮರಳುವ ಟಿಕೆಟ್ಟನ್ನು ಜೂನ್ ಎರಡನೆಯ ವಾರಕ್ಕೆ ತೆಗೆಸಿ. ಮುಂಗಾರಿನ ವೇಳಾಪಟ್ಟಿ ಬಂದರೆ ಕೊಂಕಣ ಮಾರ್ಗದ ರೈಲುಗಳು ನಿಧಾನವಾಗುತ್ತವೆ, ಸಮಯವೂ ಬದಲಾಗುತ್ತದೆ. ಹೊರಡುವ ಮುನ್ನ ನೋಡಿಕೊಳ್ಳಿ.